ಹಗೇವಿನ ದೀಪ, ಮಿಲ್ಲಿನ ಸಂವೇದಕ



ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ಹಗೇವು ಎಂಬ ಮಾತು ತಿಳಿದಿರಬಹುದು. ಪಟ್ಟಣದಲ್ಲಿ ಬೆಳೆದವರು ಮನೆಯಲ್ಲಿ ಅಜ್ಜಿಯನ್ನೋ ತಾತನನ್ನೋ ಕೇಳಿ ನೋಡಿ. ನಮ್ಮ ಮೈಸೂರು, ಮಂಡ್ಯದ ಸೀಮೆಯಲ್ಲಿ ನೆಲದೊಳಗೆ ಆಳವಾದ ಗುಳಿ ತೋಡಿ, ಅದರಲ್ಲಿ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಬರಗಾಲಕ್ಕೆ ಅದೇ ಆಸರೆ. ಹಗೇವು ತೆಗೆಯುವ ದಿನ ಹಿರಿಯರು ಯಾರನ್ನೂ ಕೂಡಲೇ ಒಳಗೆ ಇಳಿಯಗೊಡುತ್ತಿರಲಿಲ್ಲ. ಕಲ್ಲು ಸರಿಸಿ ಬಹಳ ಹೊತ್ತು ಹಾಗೇ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿಯುತ್ತಿದ್ದರೆ ಆಳು ಇಳಿಯಬಹುದು. ನಂದಿಹೋದರೆ ಇನ್ನೂ ಕಾಯಬೇಕು. ಈ ಕ್ರಮ ತಪ್ಪಿದ ಕಡೆ ಜನ ಸತ್ತದ್ದುಂಟು. ಮೊದಲು ಇಳಿದವನು ಕುಸಿದುಬಿದ್ದ, ಅವನನ್ನು ಎತ್ತಲು ಇಳಿದ ತಮ್ಮನೂ ಕುಸಿದ ಎಂಬಂಥ ಸಂಗತಿಗಳನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ.

ಕಾರಣ ಸರಳ. ಕಾಳು ನಿರ್ಜೀವವಲ್ಲ, ಅದು ಉಸಿರಾಡುತ್ತದೆ. ಕಾಳಿನೊಡನೆ ಇರುವ ಹುಳು, ಬೂಷ್ಟುಗಳೂ ಉಸಿರಾಡುತ್ತವೆ. ಮುಚ್ಚಿದ ಗುಳಿಯಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9ರಷ್ಟು ಇರುತ್ತದೆ. ಅದು ಸುಮಾರು 16ಕ್ಕೆ ಇಳಿದಾಗ ದೀಪ ನಂದುತ್ತದೆ. ಅಂದರೆ ನಮ್ಮ ಹಿರಿಯರ ಲಾಂದ್ರ ಒಂದು ಮಾಪಕವೇ ಆಗಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಸಂವೇದಕ, ಸೆನ್ಸರ್. ಮನುಷ್ಯ ಹೋಗಬಾರದ ಕಡೆಗೆ ತಾನು ಹೋಗಿ, ಅಲ್ಲಿನ ಸ್ಥಿತಿಯನ್ನು ನಮಗೆ ಕಾಣುವ ಗುರುತಾಗಿ ಮಾರ್ಪಡಿಸಿ ತಿಳಿಸುವುದು ಸಂವೇದಕದ ಕೆಲಸ. ಈಗಿನ ಕೈಮಾಪಕಗಳು ಶೇಕಡಾ 19.5ಕ್ಕೇ ಕೂಗಿಕೊಳ್ಳುತ್ತವೆ. ದೀಪಕ್ಕಿಂತ ಬಹಳ ಮೊದಲೇ ಎಚ್ಚರಿಸುತ್ತವೆ, ವ್ಯತ್ಯಾಸ ಅಷ್ಟೇ.

ಆದರೆ ಇದೇ ದೀಪವನ್ನು ಹಿಟ್ಟಿನ ಮಿಲ್ಲಿಗೆ ಒಯ್ದರೆ ಏನಾದೀತು? 1785ರ ಡಿಸೆಂಬರ್ 14ರ ಸಂಜೆ ಇಟಲಿಯ ಟ್ಯೂರಿನ್ ನಗರದ ಒಂದು ಬೇಕರಿಯಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಹಿಟ್ಟಿನ ಕೋಣೆಯಲ್ಲಿ ಹುಡುಗನೊಬ್ಬ ಹಿಟ್ಟನ್ನು ಎಳೆದುಹಾಕುತ್ತಿದ್ದ. ಮೇಲಿನ ರಾಶಿ ಒಮ್ಮೆಲೇ ಕುಸಿದು ದಟ್ಟವಾಗಿ ದೂಳೆದ್ದಿತು. ಗೋಡೆಯಲ್ಲಿದ್ದ ದೀಪ ಅದಕ್ಕೆ ತಾಗಿ ಸಿಡಿತವಾಯಿತು. ಕೌಂಟ್ ಮೊರೊಟ್ಸೊ ಎಂಬ ವಿದ್ವಾಂಸ ಇದನ್ನು ವಿಚಾರಿಸಿ ಬರೆದಿಟ್ಟ. ಆ ವರ್ಷ ಆ ಸೀಮೆಯಲ್ಲಿ ತಿಂಗಳುಗಟ್ಟಲೆ ಮಳೆಯಿಲ್ಲದೆ ಹಿಟ್ಟು ಬಹಳ ಒಣಗಿತ್ತು ಎಂಬುದನ್ನೂ ಅವನು ಗಮನಿಸಿದ್ದ. ದೂಳಿನ ಸ್ಫೋಟದ ಬಗ್ಗೆ ನಮಗೆ ದೊರೆತಿರುವ ಮೊದಲ ವೈಜ್ಞಾನಿಕ ವರದಿಗಳಲ್ಲಿ ಇದೂ ಒಂದು.

ದಿನಾ ರೊಟ್ಟಿ ತಟ್ಟುವ ಹಿಟ್ಟು ಸಿಡಿಯುತ್ತದೆಯೇ ಎಂದು ನಿಮಗೆ ಅನುಮಾನ ಬರಬಹುದು. ಒಂದು ಲೆಕ್ಕ ಮಾಡೋಣ. ಒಂದು ಸೆಂಟಿಮೀಟರ್ ಅಂಚಿನ ಘನವೊಂದನ್ನು ತೆಗೆದುಕೊಳ್ಳಿ. ಅದರ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಮಿಲಿಮೀಟರಿನ ಹತ್ತನೇ ಒಂದು ಅಂಚಿನ ಸಣ್ಣ ಘನಗಳಾಗಿ ಕತ್ತರಿಸಿದರೆ 10 ಲಕ್ಷ ತುಂಡುಗಳಾಗುತ್ತವೆ. ವಸ್ತು ಅಷ್ಟೇ, ಆದರೆ ಹೊರಮೈ 600 ಚದರ ಸೆಂಟಿಮೀಟರ್ ಆಯಿತು. ಬೆಂಕಿ ಹಿಡಿಯುವುದು ಹೊರಮೈಯಲ್ಲಿ, ಗಾಳಿ ಸೋಕುವ ಕಡೆ. ಮರದ ದಿಮ್ಮಿಗೆ ಕಡ್ಡಿ ಗೀರಿದರೆ ಏನೂ ಆಗದು, ಅದೇ ಮರದ ಹೊಟ್ಟು ಭಗ್ಗೆನ್ನುತ್ತದೆ. ಗೋಧಿ ಹಿಟ್ಟಾದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 50–60 ಗ್ರಾಂ, ಅಂದರೆ ಒಂದು ದೊಡ್ಡ ಹಿಡಿಯಷ್ಟು, ಹರಡಿ ತೇಲುತ್ತಿದ್ದರೆ ಸಾಕು. ಕಿಡಿ ಸಿಕ್ಕಿದರೆ ಮುಚ್ಚಿದ ಪೆಟ್ಟಿಗೆಯೊಳಗೆ ಒತ್ತಡ ವಾಯುಭಾರದ ಏಳೆಂಟು ಪಟ್ಟು ಏರಬಲ್ಲದು. ಇಟ್ಟಿಗೆಯ ಗೋಡೆ ಅದರ ಒಂದು ಚೂರನ್ನೂ ತಾಳುವುದಿಲ್ಲ. ಇದನ್ನು ಮನೆಯಲ್ಲಿ ಮಾಡಿ ನೋಡುವ ಪ್ರಯೋಗ ಎಂದು ದಯವಿಟ್ಟು ಭಾವಿಸಬೇಡಿ.

ಇನ್ನೊಂದು ಸಂಗತಿಯಿದೆ. ಮೊದಲ ಸಿಡಿತ ಎಷ್ಟೋ ಸಲ ಚಿಕ್ಕದೇ ಆಗಿರುತ್ತದೆ. ಅದರ ಅಲೆ ಕಟ್ಟಡವನ್ನು ಅಲುಗಿಸಿ, ತೊಲೆಗಳ ಮೇಲೆ, ಕೊಳವೆಗಳ ಮೇಲೆ ವರ್ಷಗಳಿಂದ ಕೂತಿದ್ದ ದೂಳನ್ನೆಲ್ಲ ಎಬ್ಬಿಸುತ್ತದೆ. ಹಿಂದೆಯೇ ಬರುವ ಜ್ವಾಲೆ ಆ ದೂಳಿಗೆ ಹತ್ತುತ್ತದೆ. ಜನರನ್ನು ಕೊಲ್ಲುವುದು ಹೆಚ್ಚಾಗಿ ಈ ಎರಡನೆಯದು. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಾಷ್‌ಬರ್ನ್ ಹಿಟ್ಟಿನ ಮಿಲ್ಲು ಸಿಡಿದು ಪಕ್ಕದ ಮಿಲ್ಲುಗಳನ್ನೂ ನೆಲಸಮ ಮಾಡಿ 18 ಜನ ಸತ್ತರು. ಬೀಸುವ ಕಲ್ಲುಗಳ ನಡುವೆ ಕಾಳಿಲ್ಲದೆ, ಕಲ್ಲಿಗೆ ಕಲ್ಲು ಉಜ್ಜಿ ಕಿಡಿ ಹಾರಿತೆಂದು ಆಗ ತೀರ್ಮಾನಿಸಿದರು.

ನಮ್ಮ ಮೈಸೂರಿಗೆ ಬರೋಣ. ಇಲ್ಲಿ ಕಾಳಿನ ವಿಜ್ಞಾನಕ್ಕೆ ಒಂದು ತವರುಮನೆಯೇ ಇದೆ. 1950ರ ಅಕ್ಟೋಬರ್‌ನಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಸಿ.ಎಫ್.ಟಿ.ಆರ್.ಐ. ಎಂದೇ ಎಲ್ಲರ ಬಾಯಲ್ಲಿರುವ ಸಂಸ್ಥೆ ಅದು. ಅದರ ಆವರಣದಲ್ಲೇ ಹಿಟ್ಟಿನ ಗಿರಣಿಯ ವಿದ್ಯೆಯನ್ನು ಕಲಿಸುವ ಅಂತರರಾಷ್ಟ್ರೀಯ ಶಾಲೆಯೊಂದಿದೆ. ನಗರದ ಸುತ್ತ ಅಕ್ಕಿ ಗಿರಣಿಗಳು, ಹಿಟ್ಟಿನ ಗಿರಣಿಗಳು, ಬಂಡೀಪಾಳ್ಯದ ಮಾರುಕಟ್ಟೆ ಪ್ರಾಂಗಣ ಇವೆ. ಚೀಲದಲ್ಲಿ ಹೊತ್ತು ಸಾಗಿಸುವ ಕಾಲದಲ್ಲಿ ಅಪಾಯ ಹಮಾಲಿಯ ಬೆನ್ನಿಗೆ ಬೀಳುತ್ತಿತ್ತು. ಚೀಲ ಹೋಗಿ, ಸರಕು ರಾಶಿರಾಶಿಯಾಗಿ ಯಂತ್ರದ ಮೇಲೆ ಹರಿಯತೊಡಗಿದಾಗ ಅಪಾಯದ ರೂಪ ಬದಲಾಯಿತು.

ಇಂಥ ಯಂತ್ರಗಳಲ್ಲಿ ನಾನು ಇವತ್ತು ಹೆಚ್ಚು ಹೇಳುವುದು ಬಕೆಟ್ ಎಲಿವೇಟರ್ ಬಗ್ಗೆ. ಬಾವಿಯ ಯಾತವನ್ನು ನೆನಪಿಸಿಕೊಳ್ಳಿ. ಎತ್ತರದ, ಎಲ್ಲ ಕಡೆ ಮುಚ್ಚಿದ ತಗಡಿನ ಗೂಡು. ಒಳಗೆ ರಬ್ಬರ್ ಪಟ್ಟಿ, ಅಂದರೆ ಬೆಲ್ಟು. ಅದಕ್ಕೆ ಸಾಲಾಗಿ ಬೋಲ್ಟು ಹಾಕಿದ ಪುಟ್ಟ ಬಕೆಟ್ಟುಗಳು. ಮೇಲೊಂದು ರಾಟೆ, ಕೆಳಗೊಂದು ರಾಟೆ. ಮೋಟಾರು ಮೇಲಿನದನ್ನು ತಿರುಗಿಸುತ್ತದೆ. ಬಕೆಟ್ಟುಗಳು ತಳದಿಂದ ಕಾಳು ಮೊಗೆದು ಮೇಲೆ ಸುರಿಯುತ್ತವೆ. ಈಗ ಯೋಚಿಸಿ: ಸಿಡಿತಕ್ಕೆ ಬೇಕಾದದ್ದು ಉರಿಯುವ ದೂಳು, ಗಾಳಿ, ದೂಳು ತೇಲುತ್ತಿರುವುದು, ಸುತ್ತ ಮುಚ್ಚಿದ ಜಾಗ, ಕಡೆಗೆ ಕಿಡಿ. ಎಲಿವೇಟರು ಓಡುತ್ತಿರುವಾಗ ಇವುಗಳಲ್ಲಿ ನಾಲ್ಕು ಸದಾ ಅದರ ಹೊಟ್ಟೆಯಲ್ಲೇ ಇರುತ್ತವೆ. ಐದನೆಯದನ್ನು ಹುಟ್ಟಲು ಬಿಡದಿರುವುದೇ ಸಂವೇದಕಗಳ ಕರ್ತವ್ಯ.

ಐದನೆಯದು ಹೇಗೆ ಹುಟ್ಟುತ್ತದೆ? ತಳದಲ್ಲಿ ಕಾಳು ಕಟ್ಟಿಕೊಂಡಿತು ಅನ್ನಿ. ಹುಲ್ಲೋ ಗೋಣಿದಾರವೋ ಸಿಕ್ಕಿಕೊಂಡು ಬೆಲ್ಟು ನಿಂತಿತು. ಮೋಟಾರಿಗೆ ಅದು ಗೊತ್ತಾಗುವುದಿಲ್ಲ, ಮೇಲಿನ ರಾಟೆಯನ್ನು ತಿರುಗಿಸುತ್ತಲೇ ಇರುತ್ತದೆ. ನಿಂತ ರಬ್ಬರಿನ ಮೇಲೆ ರಾಟೆ ಉಜ್ಜುತ್ತದೆ. ಚಳಿಗೆ ಅಂಗೈ ಉಜ್ಜಿಕೊಳ್ಳುವ ಹಾಗೆ, ಆದರೆ ಹತ್ತಾರು ಅಶ್ವಶಕ್ತಿಯಲ್ಲಿ. ರಬ್ಬರು ಕಾದು, ಹೊಗೆಯಾಡಿ, ಉರಿದು, ಕತ್ತರಿಸಿ, ಉರಿಯುವ ತುಂಡು ದೂಳಿನ ನಡುವೆ ತಳಕ್ಕೆ ಬೀಳುತ್ತದೆ.

ಈ ಸ್ಟುಡಿಯೋದ ಮೇಜಿನ ಮೇಲೆ ನೀವು ನೋಡುತ್ತಿರುವ ಹಿತ್ತಾಳೆಯ ಕೊಳವೆಯಂಥ ವಸ್ತು ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಇದು ಪ್ರಾಕ್ಸಿಮಿಟಿ ಸೆನ್ಸರ್, ಸಾಮೀಪ್ಯದ ಸಂವೇದಕ. ಇದರ ಮೂತಿಯಲ್ಲಿ ತಂತಿಯ ಸುರುಳಿಯೊಂದು ಸಣ್ಣ ಕಾಂತಕ್ಷೇತ್ರವನ್ನು ಉಂಟುಮಾಡುತ್ತಿರುತ್ತದೆ. ಕೆಲವೇ ಮಿಲಿಮೀಟರ್ ದೂರದಲ್ಲಿ ಲೋಹ ಹಾದುಹೋದರೆ ಆ ಕ್ಷೇತ್ರ ಕದಡುತ್ತದೆ, ಇದೊಂದು ಮಿಡಿತ ಕಳಿಸುತ್ತದೆ. ರಾಟೆಯ ಅಚ್ಚಿಗೆ ಒಂದು ಬೋಲ್ಟು ಕೂಡಿಸಿ ಇದನ್ನು ಎದುರಿಗೆ ಇಟ್ಟರೆ ಸುತ್ತಿಗೊಂದು ಮಿಡಿತ. ಯಾವ ರಾಟೆಗೆ ಇಡಬೇಕು, ಮೇಲಿನದಕ್ಕೋ ಕೆಳಗಿನದಕ್ಕೋ? ಒಂದು ಕ್ಷಣ ಯೋಚಿಸಿ. ಮೇಲಿನದು ಬೆಲ್ಟು ನಿಂತರೂ ತಿರುಗುತ್ತಿರುತ್ತದೆ, ಎಲ್ಲ ಸರಿಯಿದೆ ಎಂದು ಸುಳ್ಳು ಹೇಳುತ್ತದೆ. ಕೆಳಗಿನದನ್ನು ತಿರುಗಿಸುವುದು ಬೆಲ್ಟು ಮಾತ್ರ. ಆದ್ದರಿಂದ ಕೆಳಗಿನದಕ್ಕೇ ಇಡಬೇಕು.

ಆ ರಾಟೆ ನಿಮಿಷಕ್ಕೆ 100 ಸುತ್ತು ತಿರುಗುತ್ತದೆಂದಿಟ್ಟುಕೊಳ್ಳಿ. ಎರಡು ಮಿಡಿತಗಳ ನಡುವೆ 0.6 ಸೆಕೆಂಡು. ವೇಗ 80ಕ್ಕೆ ಇಳಿದರೆ ಆ ಬಿಡುವು 0.75 ಸೆಕೆಂಡಿಗೆ ಹಿಗ್ಗುತ್ತದೆ. ಹಾಗಾಗಿ ನಿಮಿಷವಿಡೀ ಎಣಿಸುತ್ತ ಕೂರಬೇಕಾಗಿಲ್ಲ. ಒಂದು ಬಿಡುವನ್ನು ಅಳೆದರೆ ಸಾಕು, ಮಿಲ್ಲು ಕಣ್ಣು ಮಿಟುಕಿಸುವಷ್ಟರಲ್ಲಿ ತಿಳಿದುಕೊಳ್ಳುತ್ತದೆ. ಸಾಮಾನ್ಯವಾಗಿ ವೇಗ ಶೇಕಡಾ 10 ಇಳಿದಾಗ ಗಂಟೆ ಬಾರಿಸಿ, 20 ಇಳಿದಾಗ ಮೋಟಾರನ್ನೇ ನಿಲ್ಲಿಸುವಂತೆ ಹೊಂದಿಸುತ್ತಾರೆ. ಈ 20 ಎಂಬ ಅಂಕೆಯ ಹಿಂದೆ ದುಃಖದ ಚರಿತ್ರೆಯಿದೆ. 1977ರ ಡಿಸೆಂಬರ್ 22ರಂದು ಅಮೆರಿಕದ ಲೂಯಿಸಿಯಾನಾದ ವೆಸ್ಟ್‌ವೇಗೊ ಎಂಬಲ್ಲಿ ಬಂದರಿನ ಧಾನ್ಯ ಸಂಗ್ರಹಾಗಾರ ಸಿಡಿದು 36 ಜನ ಸತ್ತರು. ಐದೇ ದಿನಗಳಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಮತ್ತೊಂದು ಸಿಡಿಯಿತು. ಹತ್ತು ವರ್ಷಗಳ ವಾದವಿವಾದದ ಬಳಿಕ, 1987ರ ಕೊನೆಯಲ್ಲಿ, ಆ ದೇಶ ನಿಯಮ ಮಾಡಿತು: ಬೆಲ್ಟಿನ ವೇಗ ಶೇಕಡಾ 20ಕ್ಕಿಂತ ಹೆಚ್ಚು ಇಳಿದರೆ ಎಲಿವೇಟರು ತಾನಾಗಿ ನಿಲ್ಲಬೇಕು.

ನಮ್ಮಲ್ಲಿ ನಿಯಮವಿರಲಿಲ್ಲವೇ? ಇತ್ತು. 1948ರ ಕಾರ್ಖಾನೆಗಳ ಕಾಯ್ದೆಯ 37ನೆಯ ಕಲಮಿನಲ್ಲೇ ಸಿಡಿಯಬಲ್ಲ ದೂಳಿನ ಮಾತು ಬರೆದಿಟ್ಟಿದ್ದರು. ಯಂತ್ರವನ್ನು ಸರಿಯಾಗಿ ಮುಚ್ಚಬೇಕು, ದೂಳು ಕೂಡದಂತೆ ನೋಡಿಕೊಳ್ಳಬೇಕು, ಕಿಡಿಯ ಮೂಲಗಳನ್ನು ದೂರವಿಡಬೇಕು ಎಂದು. ನನಗೆ ಅಚ್ಚರಿಯಾಗುವುದು ಅದು ಅಷ್ಟು ಹಿಂದೆಯೇ ಅಷ್ಟು ಸ್ಪಷ್ಟವಾಗಿತ್ತು ಎಂಬುದು.

ಉಳಿದ ಸಂವೇದಕಗಳನ್ನು ಬೇಗನೆ ಹೇಳಿಬಿಡುತ್ತೇನೆ. ಬೆಲ್ಟು ಪಕ್ಕಕ್ಕೆ ಸರಿದು ತಗಡಿಗೆ ಉಜ್ಜಿದರೂ ಬಿಸಿ ಹುಟ್ಟುತ್ತದೆ. ಆದ್ದರಿಂದ ಎರಡೂ ಬದಿಗೆ ಕಾವಲು. ಬೆಲ್ಟು ತಾಗಿದೊಡನೆ ತಿಳಿಸುವ ಗುಂಡಿಯಿರಬಹುದು, ಇಲ್ಲವೇ ಹಿತ್ತಾಳೆಯ ತುಂಡೊಂದರಲ್ಲಿ ಉಷ್ಣಮಾಪಕವಿಟ್ಟು ಅದು ಕಾಯುವುದನ್ನು ನೋಡಬಹುದು. ತಳ ಕಟ್ಟಿಕೊಂಡದ್ದನ್ನು ತಿಳಿಸಲು ಕಾಳಿನ ಒತ್ತಡಕ್ಕೆ ಒಳಸರಿಯುವ ಪೊರೆಯ ಸ್ವಿಚ್ಚು ಇರುತ್ತದೆ. ಬೇರಿಂಗುಗಳಿಗೆ ಪ್ಲಾಟಿನಮ್ ತಂತಿಯ ಮಾಪಕ. ಭೌತಶಾಸ್ತ್ರ ಓದುವವರಿಗೆ ಇದು ಇಷ್ಟವಾದೀತು. ಲೋಹ ಕಾದಷ್ಟೂ ವಿದ್ಯುತ್ತಿಗೆ ಅದರ ರೋಧ ಹೆಚ್ಚುತ್ತದೆ. ಸೊನ್ನೆ ಡಿಗ್ರಿಯಲ್ಲಿ 100 ಓಮ್ ಇರುವ ಈ ತಂತಿ 40 ಡಿಗ್ರಿಯಲ್ಲಿ 115.5 ಓಮ್, 80 ಡಿಗ್ರಿಯಲ್ಲಿ 130.9 ಓಮ್ ಆಗುತ್ತದೆ. ರೋಧ ಅಳೆದರೆ ಬಿಸಿ ಗೊತ್ತು. ಆದರೆ ಡಿಸೆಂಬರಿನ ಮುಂಜಾನೆಯ ಮೈಸೂರು ಬೇರೆ, ಏಪ್ರಿಲ್ ಮಧ್ಯಾಹ್ನದ ಮೈಸೂರು ಬೇರೆ. ಆದ್ದರಿಂದ ಬೇರಿಂಗು ಎಷ್ಟು ಬಿಸಿ ಎನ್ನುವುದಕ್ಕಿಂತ, ಸುತ್ತಲ ಗಾಳಿಗಿಂತ ಎಷ್ಟು ಬಿಸಿ, ನಿನ್ನೆಗಿಂತ ಎಷ್ಟು ಬಿಸಿ ಎಂದು ಕೇಳುವುದು ಜಾಣತನ. ಒಂದು ಬೇರಿಂಗಿನ ಮಾತು ಎಂದು ಹಗುರವಾಗಿ ಕಾಣಬೇಡಿ. 1998ರ ಜೂನ್ 8ರಂದು ಅಮೆರಿಕದ ಕಾನ್ಸಾಸ್ ರಾಜ್ಯದ ಹೇಸ್‌ವಿಲ್‌ನಲ್ಲಿ ಕನ್ವೇಯರಿನ ಒಂದು ಉರುಳೆಯ ಬೇರಿಂಗು ಗ್ರೀಸಿಲ್ಲದೆ ಬಿಗಿದುಕೊಂಡದ್ದೇ ಸರಣಿ ಸ್ಫೋಟಕ್ಕೆ ಮೂಲವೆಂದು ತನಿಖೆಯವರು ಹೇಳಿದರು. 7 ಜನ ತೀರಿಕೊಂಡಿದ್ದರು.

ಮರೆಯಬಾರದ ಒಂದು ಮಾತು: ಕಿಡಿಯನ್ನು ಕಾಯಲು ಇಟ್ಟ ಸಂವೇದಕವೇ ಕಿಡಿ ಹಾರಿಸಬಾರದು. ಹಾಗಾಗಿ ದೂಳಿನ ಜಾಗಕ್ಕೆ ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಿದ ಉಪಕರಣವನ್ನೇ ಹಾಕಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಯಾವುದನ್ನೋ ತಂದು ಕಟ್ಟುವುದು ಹಗೇವಿನ ಲಾಂದ್ರವನ್ನು ಹಿಟ್ಟಿನ ಮಿಲ್ಲಿಗೆ ಒಯ್ದಂತೆಯೇ.

ಇಷ್ಟೆಲ್ಲ ಯಂತ್ರದ ಮಾತಾಯಿತು. ಮನುಷ್ಯರ ಮಾತು ಇದಕ್ಕಿಂತ ಕಠಿಣ. ಕೆಲವು ವರ್ಷಗಳ ಹಿಂದೆ ನಂಜನಗೂಡು ರಸ್ತೆಯ ಕಡೆಯ ಒಂದು ಮಿಲ್ಲಿಗೆ ಹೋಗಿದ್ದೆ. ಎಲಿವೇಟರಿಗೆ ವೇಗದ ಸಂವೇದಕ ಇತ್ತು. ಆದರೆ ಅದರ ತಂತಿಗಳು ಪೆಟ್ಟಿಗೆಯೊಳಗೆ ಬೇರೆ ದಾರಿ ಹಿಡಿದಿದ್ದವು. ಯಾರೋ ಒಂದು ತುಂಡು ತಂತಿ ಸೇರಿಸಿ, ಸಂವೇದಕ ಏನೇ ಹೇಳಲಿ, ಮೋಟಾರು ನಿಲ್ಲದ ಹಾಗೆ ಮಾಡಿದ್ದರು. ಹಿರಿಯ ಫಿಟ್ಟರನ್ನು ಕೇಳಿದೆ.

‘ಏನ್ ಮಾಡದು ಸಾ, ದಿನಕ್ಕೆ ಹತ್ತು ಸಲ ನಿಲ್ಸ್‌ಬುಡ್ತದೆ ಇದು. ಬೆಲ್ಟು ಸರ್ಯಾಗೇ ಓಡ್ತಿರ್ತದೆ. ನಿಂತ್ರೆ ಓನರ್ ಬೈತಾರೆ, ಲಾರಿಯೋರೂ ಬೈತಾರೆ.’

ಆತ ಸೋಮಾರಿಯಲ್ಲ, ಮೂರ್ಖನೂ ಅಲ್ಲ. ಆತ ಹೇಳಿದ್ದು ನಿಜವಾಗಿತ್ತು. ಕೆಳಗೆ ಬಗ್ಗಿ ನೋಡಿದೆವು. ಸಂವೇದಕವನ್ನು ಹಿಡಿದ ಪಟ್ಟಿ ನಡುಕಕ್ಕೆ ಸಡಿಲವಾಗಿ, ಬೋಲ್ಟಿಗೂ ಮೂತಿಗೂ ನಡುವಣ ಅಂತರ ಬೆಳೆದಿತ್ತು. ಆಗೊಮ್ಮೆ ಈಗೊಮ್ಮೆ ಮಿಡಿತ ತಪ್ಪುತ್ತಿತ್ತು. ಮಿಡಿತ ತಪ್ಪಿದರೆ ಯಂತ್ರಕ್ಕೆ ಬೆಲ್ಟು ನಿಂತಂತೆಯೇ ಲೆಕ್ಕ. ಪಟ್ಟಿಗೆ ಒಂದು ಆಸರೆ ಬೆಸೆದು ಅಂತರ ಸರಿಮಾಡಲು ಒಂದು ಗಂಟೆಯೂ ಹಿಡಿಯಲಿಲ್ಲ. ಆ ಒಂದು ಗಂಟೆಯ ಕೆಲಸವನ್ನು ಯಾರೂ ಯಾರಿಗೂ ಹೇಳದೆ ಐದು ತಿಂಗಳು ಆ ಎಲಿವೇಟರು ಕುರುಡಾಗಿ ಓಡಿತ್ತು. ನಡುವೆ ಒಂದು ರಾತ್ರಿ ತಳ ಕಟ್ಟಿಕೊಂಡು ರಬ್ಬರು ಸುಡುವ ವಾಸನೆ ಬಂದು, ಇದೇ ಫಿಟ್ಟರು ಓಡಿಹೋಗಿ ಸ್ವಿಚ್ಚು ಎಳೆದಿದ್ದನಂತೆ. ಆ ಪಾಳಿಯಲ್ಲಿ ಏಳು ಜನರಿದ್ದರು. ಅವರನ್ನು ಕಾದದ್ದು ಆತನ ಮೂಗು. ಆತನಿಗೆ ಆ ರಾತ್ರಿ ನೆಗಡಿಯಾಗಿದ್ದರೆ?

ಎಂಜಿನಿಯರಿಂಗ್ ಓದುವವರು ಇಲ್ಲಿ ಗಮನಿಸಬೇಕು. ಪದೇಪದೇ ಸುಳ್ಳು ಕೂಗುವ ಎಚ್ಚರಿಕೆ, ತೋಳ ಬಂತು ತೋಳ ಎಂದ ಹುಡುಗನ ಹಾಗೆ, ಎಚ್ಚರಿಕೆ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಅದು ಜನರಿಗೆ ತಂತಿ ಸೇರಿಸುವುದನ್ನು ಕಲಿಸುತ್ತದೆ. ಜೋಡಣೆಯ ಕ್ರಮದಲ್ಲೂ ಒಂದು ನೀತಿಯಿದೆ. ಎಲ್ಲವೂ ಸರಿಯಿರುವಾಗ ವಿದ್ಯುತ್ತು ಹರಿಯುತ್ತಿರಬೇಕು, ತೊಂದರೆಯಾದಾಗ ನಿಲ್ಲಬೇಕು. ಹಾಗಿದ್ದರೆ ತಂತಿಯನ್ನು ಇಲಿ ಕಡಿದರೂ ಯಂತ್ರ ನಿಲ್ಲುತ್ತದೆ. ಉಲ್ಟಾ ಜೋಡಿಸಿದರೆ ಇಲಿ ಕಡಿದದ್ದು ಸಿಡಿತದ ದಿನವೇ ಗೊತ್ತಾಗುವುದು. ಮಿಲ್ಲುಗಳಲ್ಲಿ ಇಲಿಗೇನು ಬರ.

ಒಳ್ಳೆಯ ಉದ್ದೇಶದಿಂದಲೂ ಕೇಡಾಗುತ್ತದೆ. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯೊಂದು ಸಿಡಿದು 14 ಜನ ಸತ್ತರು. ಸೈಲೊಗಳ ಕೆಳಗಿನ ಕನ್ವೇಯರಿಗೆ, ಸಕ್ಕರೆಗೆ ಕಸ ಬೀಳದಿರಲೆಂದು, ಹಿಂದಿನ ವರ್ಷ ಉಕ್ಕಿನ ಹೊದಿಕೆ ಹಾಕಿಸಿದ್ದರು. ದೂಳು ಹೀರುವ ಏರ್ಪಾಡು ಮಾಡಿರಲಿಲ್ಲ. ಮೊದಲು ವಿಶಾಲವಾದ ಜಾಗದಲ್ಲಿ ಚದುರಿಹೋಗುತ್ತಿದ್ದ ಸಕ್ಕರೆ ದೂಳು ಆ ಹೊದಿಕೆಯೊಳಗೆ ದಟ್ಟವಾಯಿತು. ಕಾದ ಬೇರಿಂಗೊಂದು ಅದಕ್ಕೆ ಕಿಡಿಯಾಗಿರಬಹುದೆಂದು ತನಿಖೆ ಹೇಳಿತು. 1933ರಿಂದ ಸಕ್ಕರೆ ಕಾರ್ಖಾನೆಯನ್ನು ಕಂಡ ಮಂಡ್ಯದ ಮಕ್ಕಳಿಗೆ ಸಕ್ಕರೆ ಸಿಡಿಯುತ್ತದೆಂದರೆ ನಂಬಿಕೆ ಬರಲಿಕ್ಕಿಲ್ಲ. ಪುಡಿಯಾದ ಸಕ್ಕರೆ ಹಿಟ್ಟಿನ ಅಣ್ಣನೇ.

ಕಲ್ಲಿದ್ದಲಿನ ಲೋಕವನ್ನು ನೋಡಬೇಕಾದರೆ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಹೋಗಬೇಕು. ರೈಲಿನಲ್ಲಿ ಬಂದ ಕಲ್ಲಿದ್ದಲು ಕನ್ವೇಯರುಗಳ ಮೇಲೆ ಸಾಗುತ್ತದೆ. ಇಂಥ ಕನ್ವೇಯರುಗಳ ಉದ್ದಕ್ಕೂ ಸೊಂಟದ ಎತ್ತರದಲ್ಲಿ ಒಂದು ಹಗ್ಗ ಕಟ್ಟಿರುತ್ತಾರೆ. ಯಾರಾದರೂ ಎಲ್ಲಿ ಬೇಕಾದರೂ ನಿಂತು ಎಳೆದರೆ ಬೆಲ್ಟು ನಿಲ್ಲುತ್ತದೆ. ಎಲೆಕ್ಟ್ರಾನಿಕ್ಸ್ ಏನೂ ಇಲ್ಲದ ಈ ಎಳೆಹಗ್ಗ ಎಷ್ಟು ಕೈಗಳನ್ನು, ಎಷ್ಟು ಪ್ರಾಣಗಳನ್ನು ಉಳಿಸಿದೆಯೋ ಲೆಕ್ಕವಿಲ್ಲ. ನನ್ನ ಮಟ್ಟಿಗೆ ಸಂವೇದಕಗಳಲ್ಲೆಲ್ಲ ಅತ್ಯಂತ ಗೌರವಕ್ಕೆ ಪಾತ್ರವಾದದ್ದು ಇದೇ.

ದೂಳಿಲ್ಲದೆಯೂ ರಾಶಿ ಕೊಲ್ಲುತ್ತದೆ. 2023ರ ಡಿಸೆಂಬರ್ 4ರ ರಾತ್ರಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಮೆಕ್ಕೆಜೋಳದ ಸಂಗ್ರಹಣೆ ಕುಸಿದು, ಬಿಹಾರದಿಂದ ದುಡಿಯಲು ಬಂದಿದ್ದ 7 ಕಾರ್ಮಿಕರು ಅದರಡಿ ಸಿಕ್ಕಿ ಸತ್ತರು. ಕಾಳು ನೀರಿನ ಹಾಗೆ ಹರಿಯುತ್ತದೆ, ಆದರೆ ನೀರಿನ ಹಾಗೆ ತೇಲಿಸುವುದಿಲ್ಲ. ತಳದಿಂದ ಕಾಳು ಖಾಲಿಯಾಗುತ್ತಿರುವ ಸೈಲೊದ ಮೇಲೆ ನಿಂತವನು ಕೆಲವೇ ಸೆಕೆಂಡುಗಳಲ್ಲಿ ಮೊಣಕಾಲು ದಾಟಿ ಹೂತುಹೋಗುತ್ತಾನೆ. ಎದೆಮಟ್ಟ ಹೂತವನನ್ನು ನಾಲ್ಕು ಜನ ಎಳೆದರೂ ಮೇಲೆತ್ತಲಾಗದು. ಕಾಳಿನ ಮಟ್ಟ ಅಳೆಯಲು ಮನುಷ್ಯ ಒಳಗೆ ಇಳಿಯಬೇಕಾದ ಅಗತ್ಯ ಈಗ ಇಲ್ಲ. ಮೇಲಿನಿಂದ ಅಲೆ ಕಳಿಸಿ ಅದು ಮರಳುವ ಹೊತ್ತನ್ನು ಅಳೆಯುವ ಮಾಪಕಗಳಿವೆ. ಗೋಡೆಯ ಮೇಲೆ ಬೀಳುವ ಭಾರವನ್ನು, ಕಟ್ಟಡ ವಾಲುವುದನ್ನು ಅಳೆಯುವವೂ ಇವೆ. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಸಿಡಿಯುವುದನ್ನು ಅರಿಯಲು ನೆಲಕ್ಕೇ ಕಿವಿಗೊಟ್ಟು ಕೇಳುವ ಜಿಯೋಫೋನುಗಳನ್ನು ಇಟ್ಟಿದ್ದ ನಾಡು ನಮ್ಮದು. ಆ ಗಣಿ 2001ರಲ್ಲಿ ಮುಚ್ಚಿತು, ವಿದ್ಯೆ ಮುಚ್ಚಿಲ್ಲ.

ಹಗೇವಿನ ದೀಪ ಹೇಳದ ಇನ್ನೊಂದು ವಿಷವೂ ಉಂಟು. ಗೋದಾಮುಗಳಲ್ಲಿ ಹುಳು ಕೊಲ್ಲಲು ಇಡುವ ಗುಳಿಗೆಗಳು ತೇವಕ್ಕೆ ಫಾಸ್ಫೀನ್ ಅನಿಲ ಬಿಡುತ್ತವೆ. ಅದರ ಪ್ರಮಾಣ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.3 ಭಾಗ ದಾಟಿದ ಕಡೆ ದಿನವಿಡೀ ಕೆಲಸ ಮಾಡಬಾರದು. ಅಷ್ಟು ಸೂಕ್ಷ್ಮವಾದದ್ದು ದೀಪಕ್ಕೆ ತಿಳಿಯುವುದಿಲ್ಲ, ಮೂಗನ್ನೂ ನಂಬುವಂತಿಲ್ಲ. ಅದಕ್ಕೆ ಅದರದೇ ಮಾಪಕ ಬೇಕು.

ಆ ಮಿಲ್ಲಿಗೆ ಕಳೆದ ಬಾರಿ ಹೋದಾಗ ಗೋಡೆಗೆ ಒಂದು ನೋಟ್‌ಬುಕ್ಕು ನೇತುಹಾಕಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ, ಕಾಳು ಬಿಡುವ ಮುನ್ನ, ಎಲಿವೇಟರನ್ನು ಖಾಲಿ ಓಡಿಸಿ ಸಂವೇದಕವನ್ನು ಬೋಲ್ಟಿನಿಂದ ದೂರ ಸರಿಸುತ್ತಾರೆ. ಮಿಡಿತ ನಿಲ್ಲುತ್ತದೆ, ಮೋಟಾರು ನಿಲ್ಲಬೇಕು. ನಿಂತಿತೇ, ಎಷ್ಟು ಸೆಕೆಂಡಿಗೆ ನಿಂತಿತು ಎಂದು ಬರೆದು ಸಹಿ ಹಾಕುತ್ತಾರೆ. ಫಿಟ್ಟರು ನನಗೆ ಆ ಪುಟಗಳನ್ನು ತೋರಿಸಿದ. ಒಂದು ಸೋಮವಾರದ ಎದುರಿಗೆ ಕೆಂಪು ಶಾಯಿಯಲ್ಲಿ ‘ನಿಲ್ಲಲಿಲ್ಲ’ ಎಂದಿತ್ತು. ಅದರ ಕೆಳಗೆ ‘ರಿಲೇ ಬದಲಿಸಿದೆ, ಹನ್ನೊಂದೂವರೆಗೆ ಮಿಲ್ಲು ಶುರು’ ಎಂದು ಬರೆದಿತ್ತು. ‘ಅವತ್ತು ಲಾರಿಯೋರು ಎರಡೂವರೆ ಗಂಟೆ ಕಾದ್ರು ಸಾ,’ ಎಂದ. ಓನರ್ ಬೈದರೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿ ಪುಸ್ತಕವನ್ನು ಮತ್ತೆ ಮೊಳೆಗೆ ನೇತುಹಾಕಿದ.